ಅಮೆರಿಕಕ್ಕೂ ರಾಯರಿಗೂ ಸಂಬಂಧವಿಲ್ಲ

ವಕೀಲರ ಆಫೀಸು ಅಂದರೆ ಬರೀ ಗಂಟುಮೋರೆ ಅಂತ ತಿಳಕೊಂಡವರು ನಮ್ಮಲ್ಲಿ ಒಂದು ವಾರ ಬಂದು ಕೂಡಬೇಕು. ನಗು ತಡೆಯಲಾರದೆ ಫೈಲಿನ ಹಿಂದೆ ಮುಖ ಮುಚ್ಚಿಕೊಳ್ಳೋ ಪ್ರಸಂಗ ಒಂದಾದರೂ ಆಗದೆ ನಮಗೆ ಶುಕ್ರವಾರ ಬರೋದೇ ಇಲ್ಲ.

ನಾನು ಧಾರವಾಡದಾಕಿ. ಲಂಡನ್ನಿನ ಕ್ಯಾನರಿ ವಾರ್ಫಿನ ಒಂದು ಎತ್ತರದ ಕಟ್ಟಡದಲ್ಲಿ ನಮ್ಮದು ಎರಡೇ ಕೋಣೆಯ ಆಫೀಸು. ನಮ್ಮ ಬಾಸ್ ಅಮೆರಿಕದ ವಕೀಲೆ. ಅಲ್ಲಿಯ ಫೆಡರಲ್ ಕೋರ್ಟಿನ ಸಿವಿಲ್ ಕೇಸುಗಳನ್ನು ಇಲ್ಲಿ ಕೂತು ನಡೆಸುತ್ತಾರೆ. ಆ ಕೋರ್ಟುಗಳಲ್ಲಿ ಅರ್ಜಿ ಅನ್ನೋದು ಒಂದೇ ಪುಟ, 'ಇಂಥದ್ದು ಮಾಡಿಕೊಡಿ' ಅಂತ. ಯಾಕೆ ಮಾಡಿಕೊಡಬೇಕು ಅನ್ನೋದಕ್ಕೆ ಅದರ ಬೆನ್ನಿಗೆ ದೊಡ್ಡದೊಂದು ವಾದಪತ್ರ ಇರಬೇಕು. ಅದಕ್ಕೆ ಮೆಮೊರಾಂಡಮ್ ಅಂತಾರೆ, ನಾವು ಮೆಮೊ ಅಂತೀವಿ. ಬಾಸ್ ಬರೀತಾರೆ, ನಾನು ತಿದ್ದಿ ತೀಡಿ ಕಳಿಸ್ತೀನಿ. ಹದಿನಾಲ್ಕು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮ ಸಹ ಅಟ್ಲಾಂಟಿಕ್ ದಾಟಿಲ್ಲ. ಇದು ಜಂಬ ಅಲ್ಲ, ಇದ್ದದ್ದು ಹೇಳಿದೆ. ಹಂಗೂ ಸ್ವಲ್ಪ ಜಂಬ ಇದ್ದರೆ ತಪ್ಪೇನು?

ಹೇಳಬೇಕಂದ್ರೆ ಇಂಥ ಪ್ರಸಂಗ ನೂರಿವೆ. ಆದರೆ ಒಂದೇ ಕೇಸಿನಲ್ಲಿ ಸಾಲಾಗಿ ಬಂದದ್ದು ರಾಯರ ಕೇಸಿನಲ್ಲಿ.

ಇಲ್ಲ ಅನ್ನೋ ಮಾತೇ ಇಲ್ಲ

ರಾಯರು ಉಡುಪಿಯವರು. ಇಲ್ಲೇ ಲಂಡನ್ನಿನ ಸ್ಟ್ರಾಟ್‌ಫರ್ಡಿನ ಒಂದು ಓಣಿಯಲ್ಲಿ ಬಹಳ ವರ್ಷದಿಂದ ಹೋಟೆಲು ಇಟ್ಟಿದ್ದಾರೆ. ಹೋಟೆಲಿಗೆ ತಮ್ಮ ತಾಯಿಯ ಹೆಸರು. ಮನೆಮನೆಗೆ ಹಪ್ಪಳ ಮಾರಿ ಇವರನ್ನು ಓದಿಸಿದ ತಾಯಿ. ಅದೇ ಹೆಸರನ್ನು ಅಮೆರಿಕದ ಒಂದು ದೊಡ್ಡ ತಿಂಡಿ ಕಂಪನಿ ತನ್ನ ಪೊಟ್ಟಣಗಳಿಗೆ ಇಟ್ಟುಕೊಂಡು, 'ಈ ಹೆಸರು ನಮ್ಮದು, ನೀವು ಬಿಡಿ' ಅಂತ ಅಲ್ಲಿಯ ಒಂದು ರಾಜ್ಯದ ಫೆಡರಲ್ ಕೋರ್ಟಿನಲ್ಲಿ ಇವರ ಮೇಲೆ ಕೇಸು ಹಾಕಿತ್ತು. ಸೋತರೆ ವೆಬ್‌ಸೈಟಿನಿಂದ, ಫೋನಿನ ಆ್ಯಪುಗಳಿಂದ ಹೆಸರು ಹೋಗುತ್ತಿತ್ತು. ಆಮೇಲೆ ಬೋರ್ಡಿನಲ್ಲಿ ಉಳಿದರೂ ಏನು ಉಪಯೋಗ?

ನಮ್ಮ ಬಾಸ್ ದಾರಿ ಹುಡುಕಿದರು. ಆ ರಾಜ್ಯಕ್ಕೂ ರಾಯರಿಗೂ ಯಾವ ಸಂಬಂಧವೂ ಇಲ್ಲ ಅಂತ ತೋರಿಸಿದರೆ ಸಾಕು, ಸಂಬಂಧವಿಲ್ಲದ ಮನುಷ್ಯನ ಮೇಲೆ ಆ ಕೋರ್ಟು ಕೇಸು ನಡೆಸುವಂತಿಲ್ಲ. ಅದಕ್ಕೆ ರಾಯರಿಂದ ಹೇಳಿಕೆ ಬೇಕಿತ್ತು.

"ಆ ರಾಜ್ಯಕ್ಕೆ ಹೋಗಿದ್ದೀರಾ?" ಬಾಸ್ ಕೇಳಿದರು.

"ಇಲ್ಲ."

"ಅಲ್ಲಿ ಅಂಗಡಿ, ಏಜೆಂಟು?"

"ಇಲ್ಲ." ರಾಯರ ಮುಖ ಸಣ್ಣದಾಯಿತು.

"ಅಲ್ಲಿಗೆ ಏನಾದರೂ ಕಳಿಸಿ ಮಾರಿದ್ದುಂಟಾ?"

ರಾಯರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮಾರಿದ್ದು ಇಲ್ಲ. ಹಾಗಂತ ಅಲ್ಲಿಯವರಿಗೆ ನಮ್ಮ ಗುರ್ತ ಇಲ್ಲ ಅಂತ ಬರೀಬೇಡಿ. ಎಷ್ಟು ಜನ ಅಮೆರಿಕದವರು ಬಂದು ನಮ್ಮಲ್ಲಿ ದೋಸೆ ತಿಂದಿದ್ದಾರೆ" ಅಂದರು.

"ರಾಯರ, ಇಲ್ಲಿ ಎಷ್ಟು ಇಲ್ಲ ಅಂತೀರೋ ಅಷ್ಟು ಚಲೋ" ಅಂದೆ.

"ಎಂತ ಮಾರಾಯ್ರೆ. ಇಷ್ಟು ವರ್ಷ ಹೋಟೆಲಿನಲ್ಲಿ ಗಿರಾಕಿಗೆ 'ಇಲ್ಲ' ಅಂತ ಒಂದು ಸಲ ಹೇಳ್ಲಿಲ್ಲ. ನೀರ್‌ದೋಸೆ ಮುಗಿದ್ರೆ 'ಸೆಟ್ ದೋಸೆ ಉಂಟು' ಹೇಳುದು. ಇಲ್ಲ ಅಂತ ಹೇಳುವ ಕ್ರಮವೇ ಇಲ್ಲ ನಮ್ಮಲ್ಲಿ."

ಅರ್ಧ ಗಂಟೆ ತಿಳಿಸಿ ಹೇಳಿದೆ. ತಾಯಿಯ ಹೆಸರು ಉಳಿಯೋದು ಈ ಒಂದು 'ಇಲ್ಲ'ದ ಮೇಲೆ ಅಂತ ಅಂದ ಮೇಲೆ ಮನುಷ್ಯ ಒಪ್ಪಿದರು. ಕಣ್ಣು ಮುಚ್ಚಿ, ಕಷಾಯ ಕುಡಿಯೋವರ ಹಾಗೆ ಮುಖ ಮಾಡಿ, "ಸರಿ, ಬರೀರಿ. ನನಗೂ ಆ ರಾಜ್ಯಕ್ಕೂ ಸಂಬಂಧ ಇಲ್ಲ" ಅಂದರು.

ನಾನು ಬರೆದೆ. ಅವರು ಬಗ್ಗಿ ನೋಡಿ ಮೆಲ್ಲಗೆ ಅಂದರು, "ಕೆಳಗೆ ಸಣ್ಣದಾಗಿ ಹಾಕಿ. ಬೇಕಾದ್ರೆ ಮಾಡಿ ಕೊಡ್ತೇವೆ."

ಇಷ್ಟೇನಾ ಬಡಿಸುದು?

ಆ ಕೋರ್ಟಿನಲ್ಲಿ ಮೆಮೊ ಇಪ್ಪತ್ತೈದು ಪುಟ ದಾಟುವಂತಿಲ್ಲ. ಅಕ್ಷರ ಇಷ್ಟೇ ದೊಡ್ಡದು, ಸಾಲುಗಳ ನಡುವೆ ಇಷ್ಟೇ ಜಾಗ, ಎಲ್ಲದಕ್ಕೂ ಅಳತೆ. ಬಾಸ್ ನಲವತ್ತು ಪುಟ ಬರೀತಾರೆ, ಆಮೇಲೆ ನಾವಿಬ್ಬರೂ ಕೂತು ಕೊಯ್ಯುತ್ತೇವೆ. ಒಂದು ವಿಶೇಷಣ ಕಿತ್ತರೆ ಒಂದು ಸಾಲು ಮೇಲಕ್ಕೆ ಬರುತ್ತೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಯಾರೂ ಇಲ್ಲ ಅಂತ ಬಾಸೇ ಹೇಳ್ತಾರೆ.

ಸರಿಯಾಗಿ ಇಪ್ಪತ್ತೈದು ಪುಟಕ್ಕೆ ತಂದ ಮೆಮೊವನ್ನು ಜುಬಿಲಿ ಲೈನಿನ ರೈಲು ಹಿಡಿದು ನಾನೇ ಹೋಟೆಲಿಗೆ ಒಯ್ದೆ. ರಾಯರು ಕೈ ಒರೆಸಿಕೊಂಡು ಬಂದು, ಕಟ್ಟನ್ನು ಅಂಗೈ ಮೇಲೆ ಇಟ್ಟು ತೂಗಿ ನೋಡಿದರು.

"ಇಷ್ಟೇನಾ?"

"ಇಷ್ಟೇರಿ. ಇದಕ್ಕಿಂತ ಹೆಚ್ಚು ಹಾಕಿದ್ರ ಕೋರ್ಟು ತಗೊಳ್ಳೂದಿಲ್ಲ."

"ನಮ್ಮ ಊರಲ್ಲಿ ಎರಡು ತೆಂಗಿನ ಮರದ ಕೇಸಿಗೆ ಒಂದು ಗೋಣಿ ಕಾಗದ ಇರ್ತದೆ ಮಾರಾಯ್ರೆ. ಇದು ಅಮ್ಮನ ಹೆಸರಿನ ವಿಷಯ."

ನನಗೆ ಸಿಟ್ಟು ಬಂತು. ಮೂರು ದಿನ ಕಣ್ಣು ಕೆಂಪು ಮಾಡಿಕೊಂಡು ಕೊಯ್ದದ್ದು ಅದು. "ರಾಯರ, ತಾಟು ತುಂಬ ಬಡಿಸಿ ಎಲ್ಲಾ ಚೆಲ್ಲೂದಕ್ಕಿಂತ, ಬೇಕಾದಷ್ಟ ಬಡಿಸೂದು ಚಲೋ ಅಲ್ಲೇನು?" ಅಂದೆ.

ಹೋಟೆಲಿನ ಮಾತಿನಲ್ಲೇ ಹೇಳಿದ್ದಕ್ಕೆ ಸ್ವಲ್ಪ ಮೆತ್ತಗಾದರು. "ಅದು ಸರಿ. ಆದ್ರೆ ಜಡ್ಜ್‌ಗೆ ಹೊಟ್ಟೆ ತುಂಬದಿದ್ರೆ?"

ಆಗ ಹೇಳಿದೆ: ಎದುರಿನವರು ಉತ್ತರ ಕೊಟ್ಟ ಮೇಲೆ ನಾವು ಇನ್ನೂ ಹತ್ತು ಪುಟದ ಮರುಮೆಮೊ ಹಾಕಬಹುದು. ರಾಯರ ಮುಖ ಅರಳಿತು. ಒಳಗೆ ಹೆಂಡತಿಗೆ ಕೂಗಿ ಹೇಳಿದರು, "ಹೆದರ್ಬೇಡ, ಎರಡನೇ ಸಲಕ್ಕೆ ಸಾರು ಉಂಟಂತೆ."

ಹೆಸರು ಬಿಟ್ಟುಹೋದವರು

ಮೆಮೊದ ಮೊದಲಲ್ಲಿ ಒಂದು ಪಟ್ಟಿ ಇರುತ್ತೆ. ನಾವು ಆಧಾರಕ್ಕೆ ಹಿಡಿದ ಹಳೆಯ ತೀರ್ಪುಗಳೆಲ್ಲ ಅಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ, ಪ್ರತಿಯೊಂದಕ್ಕೂ ಇಂಥವರ ವಿರುದ್ಧ ಇಂಥವರು ಅಂತ ಹೆಸರು. ರಾಯರು ಮೆಮೊದಲ್ಲಿ ಮತ್ತೇನು ಓದಿದರೋ ಇಲ್ಲವೋ, ಆ ಪಟ್ಟಿಯನ್ನು ಬೆರಳಿಟ್ಟು ಓದಿದರು. ಮರುದಿನ ಫೋನು.

"ಮೇಡಂ, ಇಷ್ಟು ಜನ ನಮ್ಮ ಪರವಾ?"

"ಒಂದು ಲೆಕ್ಕದಾಗ ಹೌದ್ರಿ."

"ಇವರಿಗೆ ಹೇಳಿ ಹೆಸರು ಹಾಕಿದ್ದಾ?"

"ಅದರಾಗ ಭಾಳ ಮಂದಿ ತೀರಿಕೊಂಡು ಎಷ್ಟೋ ವರ್ಷ ಆಗ್ಯಾವ್ರಿ."

ರಾಯರು ದನಿ ತಗ್ಗಿಸಿ ಕೇಳಿದರು, "ಮದುವೆ ಕಾಗದದಲ್ಲಿ ನಮ್ಮ ಚಿಕ್ಕಪ್ಪನ ಹೆಸರು ಬಿಟ್ಟು ಹೋಗಿ ಅವರು ಹನ್ನೆರಡು ವರ್ಷ ಮಾತು ಬಿಟ್ಟಿದ್ರು. ಈ ಪಟ್ಟಿಯಲ್ಲಿ ಯಾರದ್ದೂ ಬಿಟ್ಟುಹೋಗ್ಲಿಲ್ಲ ಅಲ್ವಾ?"

ಬಿಟ್ಟುಹೋಗಿಲ್ಲ ಅಂತ ಧೈರ್ಯ ಹೇಳಿ ಫೋನು ಇಟ್ಟೆ. ಇಟ್ಟ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಪಟ್ಟಿ ತೆಗೆದು ಇನ್ನೊಮ್ಮೆ ತಾಳೆ ನೋಡಿದೆ. ಒಂದು ತೀರ್ಪು ನಿಜವಾಗಿಯೂ ಬಿಟ್ಟುಹೋಗಿತ್ತು. ಹದಿನಾಲ್ಕು ವರ್ಷದಲ್ಲಿ ನನ್ನ ತಪ್ಪು ಹಿಡಿದವರು ಇಬ್ಬರೇ, ಒಬ್ಬರು ರಾಯರು, ಇನ್ನೊಬ್ಬರು ಅವರ ಚಿಕ್ಕಪ್ಪ.

ಮಷೀನಿಗೆ ಕುಂಕುಮ

ಮೆಮೊದ ಜೊತೆ ರಾಯರು ಸಹಿ ಮಾಡಿದ ಹೇಳಿಕೆ ಹೋಗಬೇಕಿತ್ತು. ಸಹಿ ಮಾಡಲು ಗಂಡಹೆಂಡತಿ ಇಬ್ಬರೂ ಆಫೀಸಿಗೆ ಬಂದರು. ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಅಕ್ಕ, ಅಂದರೆ ರಾಯರ ಹೆಂಡತಿ, ಹೇಳಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ನೆತ್ತಿಯ ಮೇಲೆ ಕೆಂಪು ಪೆನ್ನಿನಲ್ಲಿ 'ಶ್ರೀ' ಬರೆದು, ಅದರ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟಿದ್ದರು.

ಬಾಸ್ ನೋಡಿ ಗಾಬರಿಯಾದರು. "ಯಾರಿಗಾದರೂ ಗಾಯ ಆಯಿತಾ?"

ನಾನು ವಿವರಿಸಿದೆ. ಬಾಸ್ ತಲೆ ಆಡಿಸಿ, ಬೇರೆ ಪ್ರತಿ ತೆಗೆದು ಸಹಿ ಮಾಡಿಸಿ ಅಂದರು. ಅಕ್ಕ ಒಪ್ಪಲಿಲ್ಲ. "ಬೋಳು ಕಾಗದ ಕೋರ್ಟಿಗೆ ಕಳಿಸುದಾ? ಅದೂ ಅತ್ತೆ ಹೆಸರು ಉಳಿಸುವ ಕಾಗದ?" ಅಂತ ಪರ್ಸು ತಬ್ಬಿಕೊಂಡು ಕೂತರು. ಕಣ್ಣಲ್ಲಿ ನೀರು ಬಂದಿತ್ತು. ಅತ್ತೆಗೂ ಇವರಿಗೂ ಬಹಳ ಪ್ರೀತಿಯಿತ್ತಂತೆ, ಅಂಥದ್ದನ್ನೂ ಲೋಕದಲ್ಲಿ ಕಂಡೆ ನೋಡ್ರಿ.

ನಾನು ಒಂದು ಉಪಾಯ ಹೂಡಿದೆ. "ಅಕ್ಕಾರ, ಕಾಗದಕ್ಕ ಬ್ಯಾಡ. ಕಾಗದ ಕಳಿಸೋ ಮಷೀನಿಗೆ ಹಚ್ಚಿಬಿಡ್ರಿ." ನಾನು ಹೇಳಿದ್ದು ಸ್ಕ್ಯಾನರಿನ ಹೊರಗಿನ ಮುಚ್ಚಳಕ್ಕೆ. ಅಕ್ಕ ಭಕ್ತಿಯಿಂದ ಮುಚ್ಚಳ ತೆರೆದು ಒಳಗಿನ ಗಾಜಿಗೇ ಹಚ್ಚಿದರು. ನಾನು ನೋಡಲಿಲ್ಲ. ರಾಯರ ಹೇಳಿಕೆಯೂ ಆ ಗಾಜಿನ ಮೇಲೆಯೇ ಹಾದು, ಹಣೆಗೆ ಬೊಟ್ಟಿಟ್ಟುಕೊಂಡೇ ಅಮೆರಿಕಕ್ಕೆ ಹೋಯಿತು.

ಮೂರು ವಾರ ನಮ್ಮಿಂದ ಹೋದ ಪ್ರತಿ ಸ್ಕ್ಯಾನಿನ ಪ್ರತಿ ಪುಟಕ್ಕೂ ನೆತ್ತಿಯಲ್ಲಿ ಒಂದು ಕೆಂಪು ಚುಕ್ಕಿ. ಬೇರೆ ಕೇಸಿನ ಎದುರು ವಕೀಲರೊಬ್ಬರು ಫೋನು ಮಾಡಿ, ಈ ಗುರುತಿನ ಅರ್ಥ ಏನು, ಇದು ಗುಟ್ಟಿನ ಕಾಗದವಾ ಅಂತ ಕೇಳಿದರು. ಬಾಸ್ ಗಂಭೀರವಾಗಿ "ನಮ್ಮ ಆಫೀಸಿನ ಪದ್ಧತಿ" ಅಂದರು. ಆ ಮೂರು ವಾರದಲ್ಲಿ ನಮ್ಮ ಬೇರೆ ಎರಡು ಅರ್ಜಿ ಗೆದ್ದವು. ನಾಲ್ಕನೇ ವಾರ ಕ್ಲೀನಿಂಗ್ ಹೆಂಗಸು ಗಾಜು ಒರೆಸಿದಳು, ಒಂದು ಸೋತಿತು. ಬಾಸ್ ನನ್ನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, "ಆ ಅಕ್ಕ ಮತ್ತೆ ಯಾವಾಗ ಬರ್ತಾರೆ?" ಅಂತ ಕೇಳಿದರು.

ತಿಂಡಿ ಆಯ್ತಾ?

ಎದುರು ಕಂಪನಿಯ ವಕೀಲರು ರಾಯರನ್ನು ನೇರವಾಗಿ ಪ್ರಶ್ನೆ ಕೇಳಬೇಕು ಅಂತ ಅನುಮತಿ ತಗೊಂಡರು. ವಿಡಿಯೋದಲ್ಲಿ ಕೇಳೋದು. ನಮ್ಮಲ್ಲಿ ಮಧ್ಯಾಹ್ನ ಮೂರು, ಅಲ್ಲಿ ಬೆಳಗಿನ ಹತ್ತು. ಆಡಿದ ಒಂದೊಂದು ಮಾತೂ ದಾಖಲಾಗುತ್ತೆ. ಬಾಸ್ ರಾಯರಿಗೆ ಮೊದಲೇ ತಾಕೀತು ಮಾಡಿದ್ದರು: ಕೇಳಿದ್ದಕ್ಕಷ್ಟೇ ಉತ್ತರ, ಹೌದು ಅಥವಾ ಇಲ್ಲ, ಮುಂದೆ ಒಂದಕ್ಷರ ಬೇಡ.

ರಾಯರು ಕೋಟು ಹಾಕಿ ನೆಟ್ಟಗೆ ಕೂತರು. ಎದುರು ವಕೀಲರು ಸಣಕಲು ಮನುಷ್ಯ, ನಡುನಡುವೆ ಕೆಮ್ಮುತ್ತಿದ್ದರು. ಒಂದು ಗಂಟೆ ಪ್ರಶ್ನೆ. ಅಲ್ಲಿಗೆ ಜಾಹೀರಾತು ಕಳಿಸಿದ್ದೀರಾ, ಇಲ್ಲ. ಅಲ್ಲಿಂದ ಆರ್ಡರು ಬಂದಿದೆಯಾ, ಇಲ್ಲ. ಯಾವತ್ತಾದರೂ ಒಂದು ಪೊಟ್ಟಣ ಈ ರಾಜ್ಯಕ್ಕೆ ಹೋಗಿದೆಯಾ, ಇಲ್ಲ. ನಾನು ಎಣಿಸಿದೆ, ನಲವತ್ತೊಂದು ಇಲ್ಲ. ಒಂದೊಂದು ಇಲ್ಲಕ್ಕೂ ಮನುಷ್ಯ ಕುಗ್ಗುತ್ತಿದ್ದರು. ಆದರೂ ತಪ್ಪಲಿಲ್ಲ. ನನಗೆ ಹೆಮ್ಮೆ ಆಯಿತು.

ಕೊನೆಗೆ ಎದುರು ವಕೀಲರು ಕೆಮ್ಮಿ, ನೀರು ಕುಡಿದು, "ನನ್ನ ಪ್ರಶ್ನೆಗಳು ಮುಗಿದವು. ನೀವು ಏನಾದರೂ ಸೇರಿಸಬೇಕಾ?" ಅಂದರು.

ಬಾಸ್ ಮೇಜಿನ ಕೆಳಗೆ ರಾಯರ ಕಾಲು ಒತ್ತಿದರು. ರಾಯರು ಕಾಲು ಸರಿಸಿಕೊಂಡು, ಇಂಗ್ಲಿಷಿನಲ್ಲಿ, "ಸರ್, ನಿಮ್ಮ ತಿಂಡಿ ಆಯ್ತಾ?" ಅಂತ ಕೇಳಿದರು.

ಬಾಸ್ ತಟ್ಟನೆ, "ಆಕ್ಷೇಪಣೆ, ಪ್ರಶ್ನೆ ಅಪ್ರಸ್ತುತ" ಅಂದರು. ತನ್ನ ಕಕ್ಷಿದಾರನ ಮೇಲೆ ತಾನೇ ಆಕ್ಷೇಪಣೆ ಹಾಕಿದ ವಕೀಲರನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಷ್ಟರಲ್ಲಿ ಆ ಮನುಷ್ಯ ನಿಜವಾಗಿಯೂ ಉತ್ತರ ಕೊಟ್ಟುಬಿಟ್ಟರು, "ಇಲ್ಲ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅವತ್ತಿನ ದಾಖಲೆಯಲ್ಲಿ ನಲವತ್ತೆರಡನೇ 'ಇಲ್ಲ' ಎದುರು ಪಾರ್ಟಿಯದು.

ಹಾಳಾಗುವ ಸಾಕ್ಷ್ಯ

ಎರಡು ವಾರದ ಮೇಲೆ ಎದುರಿನವರ ಉತ್ತರ ಬಂತು. ಬಾಸ್ ಓದುತ್ತಾ ಹೋದವರು ಒಂದು ಪುಟದಲ್ಲಿ ನಿಂತರು. ಕಾಗದ ನನ್ನ ಕಡೆ ತಳ್ಳಿದರು. 'ಪ್ರತಿವಾದಿ ಈ ರಾಜ್ಯಕ್ಕೆ ತಿನಿಸು ಕಳಿಸುತ್ತಾರೆ. ಆಧಾರಕ್ಕೆ ಫೋಟೋ ನೋಡಿ.' ಫೋಟೋದಲ್ಲಿ ರಾಯರ ಹೋಟೆಲಿನ ಡಬ್ಬಿ, ಮುಚ್ಚಳದ ಮೇಲೆ ದೊಡ್ಡದಾಗಿ ಅವರ ತಾಯಿಯ ಹೆಸರು, ಒಳಗೆ ಸಾಲಾಗಿ ಮೈಸೂರುಪಾಕು. ಕಳಿಸಿದ್ದು ಆ ಸಣಕಲು ವಕೀಲರ ಆಫೀಸಿಗೆ.

ಯಾವ ಒಂದು 'ಇಲ್ಲ'ದ ಮೇಲೆ ಕೇಸು ನಿಂತಿತ್ತೋ ಅದನ್ನೇ ಈ ಮನುಷ್ಯ ಕೊರಿಯರಿಗೆ ಹಾಕಿ ಕಳಿಸಿದ್ದರು. ಅವತ್ತೇ ಹೋಟೆಲಿಗೆ ಓಡಿದೆ.

"ವಿಳಾಸ ಎಲ್ಲಿ ಸಿಕ್ತು ನಿಮಗ?"

"ಅವರು ಕಳಿಸಿದ ಕಾಗದಗಳ ಕೊನೇ ಪುಟದಲ್ಲಿ ಸಹಿಯ ಕೆಳಗೆ ಇರ್ತದಲ್ಲ."

ಹದಿನಾಲ್ಕು ವರ್ಷದಲ್ಲಿ ಕೋರ್ಟಿನ ಕಾಗದವನ್ನು ಕೊನೇ ಪುಟದವರೆಗೂ ಓದಿದ ಕಕ್ಷಿದಾರರು ಇವರೊಬ್ಬರೇ. ಅದೂ ಇದಕ್ಕೆ.

"ರಾಯರ, ನಿಮ್ಮ ತಾಯಿ ಹೆಸರು ಹೋಗ್ತದ. ತಿಳೀತದೋ ಇಲ್ಲೋ ನಿಮಗ?" ನನ್ನ ದನಿ ಏರಿತ್ತು. ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

ರಾಯರು ಕುರ್ಚಿಯಲ್ಲಿ ಕೂತರು. "ನಾನು ಮಾರಿದ್ದಲ್ಲ, ಕೊಟ್ಟದ್ದು. ಹಸಿವೆ ಅಂತ ಹೇಳಿದವನಿಗೆ ಕೊಡದೆ ಇದ್ರೆ ಆ ಹೆಸರು ಇಟ್ಟುಕೊಂಡು ನಾನು ಎಂತ ಮಾಡುದು? ಅಮ್ಮ ಹಪ್ಪಳ ಮಾರ್ಲಿಕ್ಕೆ ಹೋದ ಮನೆಯಲ್ಲೂ ಮಕ್ಕಳು ಹಸಿದದ್ದು ಕಂಡ್ರೆ ಹಾಗೇ ಕೊಟ್ಟು ಬರ್ತಿದ್ರು."

ಮರಳಿ ಬಂದು ಅದನ್ನು ಬಾಸ್‌ಗೆ ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಮರುಮೆಮೊ ಬರೆದರು: ಇದು ವ್ಯಾಪಾರವಲ್ಲ, ಉಡುಗೊರೆ. ಕೇಸು ಹಾಕಿದ ಮೇಲೆ ಕೊಟ್ಟದ್ದು, ಹಿಂದಿನ ಸಂಬಂಧಕ್ಕೆ ಅದು ಆಧಾರವಾಗದು. ಕೊಟ್ಟದ್ದೂ ಯಾರಿಗೆ? ಹಸಿವೆ ಅಂತ ದಾಖಲೆಯಲ್ಲೇ ಒಪ್ಪಿಕೊಂಡ ಎದುರು ವಕೀಲರಿಗೆ. ಹತ್ತು ಪುಟ ಬೇಕಾಗಲಿಲ್ಲ, ಆರರಲ್ಲಿ ಮುಗಿಯಿತು. ನಾನು ಒಂದು ಪದ ಸಹ ಕೊಯ್ಯಲಿಲ್ಲ.

ವಿಚಾರಣೆಯೂ ವಿಡಿಯೋದಲ್ಲೇ. ರಾಯರು, ಅಕ್ಕ, ನಾನು ಒಂದೇ ಪರದೆಯ ಮುಂದೆ ಕೂತಿದ್ದೆವು. ಜಡ್ಜ್ ವಯಸ್ಸಾದ ಹೆಂಗಸು. ಎದುರು ವಕೀಲರು ಡಬ್ಬಿಯ ಬಗ್ಗೆ ಬಹಳ ಹೊತ್ತು ವಾದಿಸಿದರು. ಜಡ್ಜ್ ಕನ್ನಡಕ ತೆಗೆದು, "ಡಬ್ಬಿ ಎಲ್ಲಿದೆ? ತೋರಿಸಿ" ಅಂದರು.

ವಕೀಲರು ಡಬ್ಬಿ ಎತ್ತಿ ತೋರಿಸಿದರು.

"ಖಾಲಿ ಇದೆ."

"ಅದು ಬೇಗ ಹಾಳಾಗುವ ವಸ್ತು, ಯುವರ್ ಆನರ್."

"ಹಾಳಾಯಿತೇ?"

ವಕೀಲರು ಕೆಮ್ಮಿದರು. "ಇಲ್ಲ. ಹಾಳಾಗುವ ಮೊದಲು ನಮ್ಮ ಆಫೀಸಿನವರು ಕ್ರಮ ಕೈಗೊಂಡರು."

ಜಡ್ಜ್ ಮುಖದಲ್ಲಿ ನಗು ಬರಲಿಲ್ಲ, ಆದರೆ ಕನ್ನಡಕ ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಕ್ಕ ನನ್ನ ಕಿವಿಯಲ್ಲಿ, "ಪಾಪ, ಚಕ್ಕುಲಿಯೂ ಇಡ್ಬೇಕಿತ್ತು" ಅಂದರು.

ಹತ್ತು ದಿನಕ್ಕೆ ತೀರ್ಪು ಬಂತು. ಗೆದ್ದಿದ್ದೆವು. ಕೇಸು ವಜಾ. ಹೋಟೆಲಿಗೆ ಹೋಗಿ, ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಗಂಡಹೆಂಡತಿಯನ್ನು ಕೂಡಿಸಿ, ತೀರ್ಪನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. 'ಪ್ರತಿವಾದಿಗೆ ಈ ರಾಜ್ಯದಲ್ಲಿ ಅಂಗಡಿಯಿಲ್ಲ, ಗಿರಾಕಿಯಿಲ್ಲ. ಇಲ್ಲಿ ಅವರ ಹೋಟೆಲಿನ ಹೆಸರು ಕೇಳಿದವರು ಯಾರೂ ಇಲ್ಲ. ಆದ್ದರಿಂದ ಈ ಕೋರ್ಟಿಗೆ ಅವರ ಮೇಲೆ ಅಧಿಕಾರವಿಲ್ಲ.'

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ರಾಯರು ಎದ್ದು ಬಾಗಿಲಿಗೆ ಹೋಗಿ, ಹೊರಗೆ ನಿಂತು ಬೋರ್ಡನ್ನು ನೋಡಿದರು. ಒಳಗೆ ಬರುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

"ಮೇಡಂ, ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರುದಿಲ್ಲ" ಅಂದರು. ಆಮೇಲೆ ತೀರ್ಪಿನ ಕಾಗದ ಕೈಗೆ ತಗೊಂಡು, ನಾನು ಓದಿದ ಸಾಲು ಎಲ್ಲಿದೆ ಅಂತ ಕೇಳಿ, ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಏನ್ರಿ ರಾಯರ?"

"ಎಂತದೂ ಇಲ್ಲ. ಕೇಸು ಗೆದ್ದದ್ದು ಹಾಗೇ ಇರ್ಲಿ. ಆದ್ರೆ ಅಮ್ಮನ ಹೆಸರು ಅಲ್ಲಿ ಕೇಳಿದವರೇ ಇಲ್ಲ ಅಂತ ಬರೆದಿದ್ದಾರಲ್ಲ, ಒಂದು ಡಬ್ಬಿ ಪೂರ್ತಿ ತಿಂದ ಮೇಲೂ. ಆ ಒಂದು ಸಾಲಿಗೆ ಮಾತ್ರ ಅಪೀಲು ಹಾಕ್ಲಿಕ್ಕೆ ಆಗ್ತದಾ?"